ಬೇಡ ಎನ್ನಲಾಗದ ಕೈ

ಸುಂದ್ರಮ್ಮನವರ ಅಚ್ಚುಮೊಳೆಗಳು ಗುಜರಿಗೆ ಹೋದ ದಿನ ಅವರ ಮಗಳು ವಾರಿಜಾ ಪ್ರಯೋಗಾಲಯದಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚುತ್ತಿದ್ದಳು.

ಹಂಚುವುದಕ್ಕೆ ಕಾರಣವಿತ್ತು. ನಡುಕದ ಕಾಯಿಲೆಯವರಿಗಾಗಿ ಅವಳ ತಂಡ ವರ್ಷಗಟ್ಟಲೆ ತಿದ್ದಿ ತೀಡಿ ಮಾಡಿದ ಕೈಗವಸು ಅಂದಿನ ಪರೀಕ್ಷೆಯಲ್ಲಿ ನೂರರಲ್ಲಿ ತೊಂಬತ್ತೇಳು ನಡುಕಗಳನ್ನು ಹಿಡಿದು ಅಡಗಿಸಿತ್ತು. ವಿಭಾಗದ ಮುಖ್ಯಸ್ಥ ಶ್ರೀವತ್ಸ ಎರಡನೇ ತುಂಡಿಗೆ ಕೈಹಾಕುತ್ತ, "ಡಬ್ಬದ ಮೇಲೆ ಇದೊಂದೇ ನಂಬರ್ ದಪ್ಪಕ್ಷರದಲ್ಲಿ ಹಾಕ್ಸೋಣ ವಾರಿಜಾ, ಬೇರೇನೂ ಬೇಡ" ಎಂದಿದ್ದರು.

ನೋಡುವುದಕ್ಕೆ ಅದು ಬೂದುಬಣ್ಣದ ತೆಳ್ಳನೆಯ ಕೈಗವಸು, ಅಷ್ಟೆ. ಮಣಿಕಟ್ಟಿನ ಮೇಲೆ ತೊಗರಿಕಾಳಿನಷ್ಟು ಸಣ್ಣ ಸೆನ್ಸರುಗಳು ಕೈಯ ಪ್ರತಿಯೊಂದು ಅಲುಗಾಟವನ್ನೂ ಅಳೆಯುತ್ತಿದ್ದವು. ಅವುಗಳ ಪಕ್ಕದಲ್ಲೇ ಗಿರಗಿರನೆ ತಿರುಗುವ ಪುಟಾಣಿ ಚಕ್ರಗಳಿದ್ದವು. ಕೈ ಬಲಕ್ಕೆ ನಡುಗಿದರೆ ಚಕ್ರ ಎಡಕ್ಕೆ ತಳ್ಳುತ್ತಿತ್ತು, ಎಡಕ್ಕೆ ನಡುಗಿದರೆ ಬಲಕ್ಕೆ. ಕಷ್ಟವಿದ್ದದ್ದು ಚಕ್ರದಲ್ಲಲ್ಲ, ಸೆನ್ಸರಿನಲ್ಲಿ. ಬೆವರು, ಬಿಸಿಲು, ಸವೆತ ಎಲ್ಲದಕ್ಕೂ ಅದರ ಅಳತೆಯ ಸೊನ್ನೆ ಅತ್ತಿತ್ತ ಜಾರುತ್ತದೆ. ನಿಂತ ಕೈಯನ್ನು ಅಲ್ಲಾಡುತ್ತಿದೆ ಎನ್ನುತ್ತದೆ, ಅಲ್ಲಾಡುವ ಕೈಯನ್ನು ನಿಂತಿದೆ ಎನ್ನುತ್ತದೆ. ಸಾಲದ್ದಕ್ಕೆ ಒಬ್ಬರ ನಡುಕ ಇನ್ನೊಬ್ಬರದರಂತಿಲ್ಲ. ಒಬ್ಬರದೇ ನಡುಕ ಮಾತ್ರೆ ನುಂಗುವ ಮೊದಲು ಒಂದು ಥರ, ನುಂಗಿದ ಮೇಲೆ ಇನ್ನೊಂದು ಥರ. ವಾರಿಜಾ ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಗವಸು ಕೈಯ ಮೇಲಿದ್ದಷ್ಟು ಹೊತ್ತೂ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿರಬೇಕು. ಅಳತೆ ತೆಗೆಯುವುದನ್ನು ಎಂದೂ ನಿಲ್ಲಿಸದ ದರ್ಜಿಯ ಹಾಗೆ, ಈ ಕೈಯ ನಡುಕ ಯಾವುದು, ಈ ಕೈ ಬೇಕೆಂದೇ ಮಾಡುವ ಚಲನೆ ಯಾವುದು ಎಂದು ದಿನದಿನವೂ ಕಲಿಯುತ್ತಿರಬೇಕು.

ಅದು ಮೊದಲು ಕಲಿತ ಕೈ ಅವಳ ಅಮ್ಮನದು.

ಸುಂದ್ರಮ್ಮ ಹುಟ್ಟಿನಿಂದ ಕಿವುಡಿ. ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿ ಮಗಳನ್ನು ಒಬ್ಬರೇ ಬೆಳೆಸಿದವರು. ಯಂತ್ರಗಳ ಗದ್ದಲ ಅವರನ್ನು ಬಾಧಿಸುತ್ತಿರಲಿಲ್ಲ, ತಲೆಕೆಳಗಾದ ಅಕ್ಷರಗಳನ್ನು ಅವರ ಬೆರಳು ನೋಡದೆಯೇ ಗುರುತಿಸುತ್ತಿತ್ತು. ಅವರ ಭಾಷೆ ಕೈಸನ್ನೆ. ವಾರಿಜಾ ಬಾಯಿ ಬಿಟ್ಟು ಮಾತಾಡುವ ಮೊದಲೇ ಕೈಯಲ್ಲಿ ಮಾತಾಡಿದ್ದಳು. ನಡುಕದ ಕಾಯಿಲೆ ಬಂದ ಮೇಲೆ ಆ ಭಾಷೆ ನೀರಿನಲ್ಲಿ ನೆನೆದ ಶಾಯಿಯಂತೆ ಕದಡತೊಡಗಿತು. ಕಾಯಿಲೆ ಮುಖವನ್ನೂ ಬಿಗಿದಿತ್ತು. ಹುಬ್ಬು, ತುಟಿ, ಕತ್ತು ಯಾವುದೂ ಮೊದಲಿನಂತೆ ಮಾತಿಗೆ ಒದಗುತ್ತಿರಲಿಲ್ಲ. ಬರೆದು ತೋರಿಸೋಣವೆಂದರೆ ಅಕ್ಷರಗಳು ಇರುವೆ ಸಾಲಿನಂತೆ ಕುಗ್ಗಿ, ನಾಲ್ಕು ಪದ ಬರೆಯುವಷ್ಟರಲ್ಲಿ ಸುಸ್ತಾಗುತ್ತಿತ್ತು.

ಹಾಗಾಗಿ ಗವಸು ತೊಟ್ಟ ಮೊದಲ ದಿನ ಸುಂದ್ರಮ್ಮ ತಾವೇ ಕಾಫಿ ಬಗ್ಗಿಸಿಕೊಂಡು, ಒಂದು ಹನಿಯೂ ಚೆಲ್ಲದ ಲೋಟವನ್ನು ಮನೆಯವರಿಗೆಲ್ಲ ತೋರಿಸಿಕೊಂಡು ಬಂದಿದ್ದರು. ಸೀರೆಗೆ ತಾವೇ ಪಿನ್ನು ಹಾಕಿಕೊಂಡರು. ಅವರೆಕಾಯಿ ಸುಲಿದರು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಮಾತು ಮತ್ತೆ ಕಣ್ಣಿಗೆ ಸ್ಪಷ್ಟವಾಯಿತು. ಕೆಲವು ವಾರ ಮನೆಯಲ್ಲಿ ಹಬ್ಬವೇ.

ಅಂದು ಸಿಹಿ ಹಂಚಿ ವಾರಿಜಾ ಮನೆಗೆ ಬಂದಾಗ ಅಮ್ಮ ಗೋಡೆಗೆ ಮುಖಮಾಡಿ ಕೂತಿದ್ದರು. ಗಂಡ ಗುರುಸ್ವಾಮಿ ಅಡುಗೆಮನೆ ಬಾಗಿಲಲ್ಲಿ ತಪ್ಪಿತಸ್ಥನಂತೆ ನಿಂತಿದ್ದ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅತ್ತೆಯ ಸನ್ನೆಭಾಷೆಯನ್ನು ಮದುವೆಯಾದ ಮೇಲೆ ಹಟಹಿಡಿದು ಕಲಿತವನು.

"ಅಟ್ಟ ಕ್ಲೀನ್ ಮಾಡ್ತಿದ್ದೆ ವಾರಿ. ಆ ಮೊಳೆ ತುಂಬಿದ ಮರದ ಟ್ರೇ ಇತ್ತಲ್ಲ, ಇದನ್ನ ಕೊಟ್ಬಿಡ್ಲಾ ಅತ್ತೆ ಅಂತ ಕೇಳ್ದೆ. ಆಗ್ಲಿ ಅಂದ್ರು. ಕಣ್ಣಾರೆ ನೋಡ್ದೆ. ಈಗ ನೋಡಿದ್ರೆ ಹೀಗೆ."

ಸುಂದ್ರಮ್ಮ ತಿರುಗಿದರು. "ನಾನು ಹೇಳಿದೆ. ಹೇಳಿದೆ!" ಎಂದಿತು ಅವರ ಕೈ. ಆಮೇಲೆ ಅಂಗೈ ಹೊರಮುಖವಾಗಿ ಮೇಲೆದ್ದು ಹಾಗೇ ನಿಂತಿತು. ಆ ಮನೆಯ ಸನ್ನೆಯಲ್ಲಿ ಅಂಗೈ ಎತ್ತಿ ಸುಮ್ಮನೆ ಹಿಡಿದರೆ 'ಆಗಲಿ' ಎಂದರ್ಥ.

"ಅದೇ ಅಮ್ಮ, ಆಗ್ಲಿ ಅಂದಿದೀಯ" ಎಂದಳು ವಾರಿಜಾ, ಕೈಯಲ್ಲೇ.

ಸುಂದ್ರಮ್ಮ ಕೈಯನ್ನು ನೆಲಕ್ಕೆ ಅಪ್ಪಳಿಸಿದರು. ಆಮೇಲೆ ಹಾಲಿನ ಚೀಟಿಯ ಹಿಂಬದಿಯಲ್ಲಿ ಕಷ್ಟಪಟ್ಟು ಗೀಚಿದರು: ಬೇಡ ಅಂದೆ.

ಗುರುಸ್ವಾಮಿ ಮರುದಿನ ಬೆಳಿಗ್ಗೆಯೇ ಗುಜರಿ ಅಂಗಡಿಗೆ ಓಡಿದ. ಸೀಸವೆಲ್ಲ ಆಗಲೇ ಕರಗುವುದಕ್ಕೆ ಹೋಗಿತ್ತು.

ವಾರಿಜಾ ಅಮ್ಮನನ್ನು ನರರೋಗದ ವೈದ್ಯರ ಬಳಿ ಕರೆದುಕೊಂಡು ಹೋದಳು. ಹೇಳಿದ್ದು ಒಂದು, ಹೇಳಿದೆನೆಂದುಕೊಳ್ಳುವುದು ಇನ್ನೊಂದು. ಇದು ಮರೆವೇ ತಾನೆ? ವೈದ್ಯರು ತಲೆಯಾಡಿಸಿದರು. "ಈ ಕಾಯಿಲೇಲಿ ಹೀಗಾಗೋದುಂಟು. ಒಂದು ಮಾತ್ರೆ ಸೇರಿಸ್ತೀನಿ. ತಗೋತೀರಾ ಅಮ್ಮ?" ವಾರಿಜಾ ಆ ಪ್ರಶ್ನೆಯನ್ನು ಕೈಸನ್ನೆಯಲ್ಲಿ ಕೇಳಿದಳು. ಸುಂದ್ರಮ್ಮನ ಅಂಗೈ ಮೇಲೆದ್ದಿತು. ನಿಂತಿತು.

"ನೋಡಿ, ಒಪ್ಕೊಂಡ್ರು" ಎಂದು ವೈದ್ಯರು ಬರೆದುಕೊಟ್ಟರು.

ಹೊಸ ಮಾತ್ರೆ ಸುಂದ್ರಮ್ಮನನ್ನು ಹಗಲೆಲ್ಲ ಮಂಪರಿನಲ್ಲಿಟ್ಟಿತು. ಎಚ್ಚರವಿದ್ದಾಗ ಸಿಡುಕು. ಬಡಿಸಿದ್ದನ್ನು ದೂಡುತ್ತಿದ್ದರು, ಹೊದಿಸಿದ್ದನ್ನು ಕಿತ್ತೆಸೆಯುತ್ತಿದ್ದರು. ಹೌದೆಂದವರು ಮರುಕ್ಷಣ ಹೀಗೆ ತಿರುಗಿಬಿದ್ದರೆ ಏನು ಮಾಡಬೇಕೆಂದು ವಾರಿಜಾಗೆ ತೋಚಲಿಲ್ಲ. ಒಮ್ಮೆ ಅವಳೂ ರೇಗಿ, "ಏನ್ ಬೇಕು ಅಂತ ಸರಿಯಾಗ್ ಹೇಳಮ್ಮ!" ಎಂದು ಬಾಯಿಬಿಟ್ಟೇ ಕೂಗಿದಳು. ಕೇಳದವರ ಮೇಲೆ ಕೂಗಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಭಾನುವಾರ ಜುಬೇದಾ ಬಂದರು. ಅದೇ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿದ್ದವರು, ಅವರಿಗೂ ಕಿವಿ ಕೇಳಿಸದು, ಸುಂದ್ರಮ್ಮನಿಗೆ ಹರೆಯದ ಗೆಳತಿ. ವಾರಿಜಾ ಇಬ್ಬರಿಗೂ ಕಾಫಿ ತಂದಳು. ಇನ್ನೊಂದು ಚಮಚ ಸಕ್ಕರೆ ಹಾಕಲೇ ಎಂದು ಅಮ್ಮನನ್ನು ಕೇಳಿದಳು. ಅಂಗೈ ಮೇಲೆದ್ದಿತು. ಅಂದು ಕೋಣೆಯ ಕಿಟಕಿ ಮುಚ್ಚಿತ್ತು, ಬೆಳಕು ಕಡಿಮೆಯಿತ್ತು. ಅದಕ್ಕೇ ಕಂಡಿತೋ ಏನೋ: ಗವಸಿನ ಮಣಿಕಟ್ಟಿನಲ್ಲಿದ್ದ ಪುಟ್ಟ ಹಸಿರು ದೀಪ ಪಟಪಟನೆ ಮಿನುಗುತ್ತಿತ್ತು.

ಆ ದೀಪ ಹೊತ್ತಿಕೊಳ್ಳುವುದು ಗವಸು ನಡುಕವೊಂದನ್ನು ಅಡಗಿಸುತ್ತಿರುವಾಗ ಮಾತ್ರ.

ವಾರಿಜಾ ಚಮಚವನ್ನು ಕೆಳಗಿಟ್ಟಳು. "ಅಮ್ಮ, 'ಬೇಡ' ಅನ್ನು."

ಅಂಗೈ ಎದ್ದಿತು. ನಿಂತಿತು. ದೀಪ ಮಿನುಗಿತು.

'ಬೇಡ' ಎನ್ನಬೇಕಾದರೆ ಎತ್ತಿದ ಅಂಗೈಯನ್ನು ಮಣಿಕಟ್ಟಿನಿಂದ ಸರಸರನೆ ಅಲ್ಲಾಡಿಸಬೇಕು. ಎಲ್ಲರೂ ಹಾಗೇ ಅನ್ನುವುದು, ಕಿವಿ ಕೇಳುವವರೂ. ಸಣ್ಣ ಅಲುಗಾಟ, ಒಂದೇ ಸಮನೆ, ಸೆಕೆಂಡಿಗೆ ಐದಾರು ಸಲ. ನಡುಕವೂ ಅಷ್ಟೇ ಸಣ್ಣದು, ಅಷ್ಟೇ ವೇಗದ್ದು. ಮೊದಮೊದಲು ಗವಸಿಗೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲವಾದ್ದರಿಂದ ಮಾತು ನುಸುಳಿ ಹೋಗುತ್ತಿತ್ತು. ದಿನದಿನವೂ ಕಲಿತು ಕಲಿತು, ನಿಖರವಾಗಿ ನಿಖರವಾಗಿ, ಅದು ಸುಂದ್ರಮ್ಮನ 'ಬೇಡ'ವನ್ನು ಪೂರ್ತಿ ಅಡಗಿಸುವುದನ್ನು ಕಲಿತುಬಿಟ್ಟಿತ್ತು. ಉಳಿದದ್ದು ಎತ್ತಿದ ಅಂಗೈ. ಆಗಲಿ.

ಅವಳು ಒಂದೊಂದೇ ಪದ ಹೇಳಿಸಿದಳು. ಮಾತು, ಸಮಯ, ಮಳೆ, ಎಷ್ಟು, ಅಲ್ಲ. ಅಲುಗಾಟವಿದ್ದ ಪದಗಳೆಲ್ಲ ಅರ್ಧಕ್ಕೇ ಸತ್ತವು. ಹೇಳಿಸುತ್ತಾ ಹೋದಂತೆ ಅವಳ ಕಣ್ಣು ತುಂಬಿತು. ಸುಂದ್ರಮ್ಮ ಅಳಲಿಲ್ಲ. ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿ, ಬರಿಗೈಯಲ್ಲಿ ನಡುಗುತ್ತ ನಡುಗುತ್ತ ಏನೋ ಹೇಳಿದರು. ವಾರಿಜಾಗೆ ಒಂದೂ ತಿಳಿಯಲಿಲ್ಲ. ಗವಸಿಲ್ಲದ ಅಮ್ಮನ ಮಾತು ಈಗ ಅಷ್ಟು ಕದಡಿಹೋಗಿತ್ತು.

ಜುಬೇದಾ ಅದನ್ನು ಓದಿ ತಮ್ಮ ಕೈಯಲ್ಲಿ ಹೇಳಿದರು. "ಮಾತ್ರೆ ಬಿಸಾಡು ಅಂತಿದಾಳೆ. ಮರೆವು ನಿನಗೆ, ನನಗಲ್ಲ ಅಂತಿದಾಳೆ."

ಸೋಮವಾರ ಪ್ರಯೋಗಾಲಯದಲ್ಲಿ ವಾರಿಜಾ ಅಮ್ಮನ ಗವಸಿನ ದತ್ತಾಂಶವನ್ನೆಲ್ಲ ಪರದೆಯ ಮೇಲೆ ಹರಡಿಕೊಂಡು ಕೂತಳು. ಅಲ್ಲಿ ಎಲ್ಲವೂ ಜಯವೇ. ಸಾವಿರಾರು ನಡುಕ, ಎಲ್ಲವೂ 'ಯಶಸ್ವಿಯಾಗಿ ಅಡಗಿಸಲಾಗಿದೆ'. ಅವುಗಳಲ್ಲಿ ಯಾವುದು ನಡುಕ, ಯಾವುದು ಮಾತು ಎಂದು ಬಿಡಿಸಿ ಹೇಳುವ ಒಂದು ಗೆರೆಯೂ ಇರಲಿಲ್ಲ. ನಡುಕ ಯಾವುದೆಂದು ತೀರ್ಮಾನಿಸುವುದೂ ಗವಸೇ, ಅದನ್ನು ಹಿಡಿದೆನೆಂದು ಅಂಕ ಕೊಟ್ಟುಕೊಳ್ಳುವುದೂ ಗವಸೇ. ತೊಂಬತ್ತೇಳರ ಆ ಅಂಕಿಯೊಳಗೆ ಅಮ್ಮನ ಎಷ್ಟು 'ಬೇಡ'ಗಳಿದ್ದವೋ.

ಶ್ರೀವತ್ಸ ಪೂರ್ತಿ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು. ಸುಂದ್ರಮ್ಮನಿಗೆ ಮೊದಲ ಗವಸನ್ನು ತಾವೇ ತೊಡಿಸಿದ್ದವರು.

"ಬೇಜಾರಾಗತ್ತೆ ವಾರಿಜಾ. ಆದ್ರೆ ನಡುಕಾನೂ ಇರ್ಬೇಕು, ಕಿವೀನೂ ಕೇಳಿಸ್ಬಾರ್ದು, ಅಂಥವ್ರು ಎಷ್ಟು ಜನ ಇರ್ತಾರೆ?"

"ಕಿವಿ ಕೇಳೋರೂ ಕೈ ಅಲ್ಲಾಡ್ಸೇ ಬೇಡ ಅನ್ನೋದು ಸಾರ್."

"ಅವ್ರು ಬಾಯಲ್ಲಿ ಹೇಳ್ಕೋತಾರೆ. ಬಿಡುಗಡೆ ದಿನ ಫಿಕ್ಸ್ ಆಗಿದೆ. ಅಷ್ಟರೊಳಗೆ ಸರಿಮಾಡ್ತೀನಿ ಅಂದ್ರೆ ಮಾಡು."

ಅವಳು ಮಾಡಿದಳು, ಅಂದರೆ ಮಾಡಿ ಮಾಡಿ ಸೋತಳು. ಗವಸಿನ ಹಿಡಿತ ಸಡಿಲಿಸಿದರೆ ಮಾತಿನ ಜೊತೆ ನಡುಕವೂ ನುಗ್ಗಿ, ಸುಂದ್ರಮ್ಮ ಬಿಸಿ ಸಾರನ್ನು ತೊಡೆಯ ಮೇಲೆ ಚೆಲ್ಲಿಕೊಂಡರು. ಜುಬೇದಾರನ್ನೂ ಅವರ ಕಿವುಡರ ಸಂಘದ ಗೆಳತಿಯರನ್ನೂ ಕರೆಸಿ, ಅವರ ಕೈಮಾತನ್ನು ಗವಸಿಗೆ ಪಾಠದಂತೆ ಕಲಿಸಿದಳು. ಗಟ್ಟಿ ಕೈಯವರ 'ಬೇಡ' ಬೇರೆ, ಕಾಯಿಲೆಯ ಕೈಯ 'ಬೇಡ' ಬೇರೆ; ಪಾಠ ನಾಟಲಿಲ್ಲ. ಮಾತಿಗೊಂದು, ಕೆಲಸಕ್ಕೊಂದು ಎಂದು ಎರಡು ಬಗೆಯ ಹಿಡಿತ ಇಟ್ಟು ನಡುವೆ ಗುಂಡಿ ಕೊಟ್ಟಳು. ಜನ ಲೋಟ ಹಿಡಿದ ಕೈಯಿಂದಲೇ ನಡುನಡುವೆ ಮಾತೂ ಆಡುತ್ತಾರೆ ಎನ್ನುವುದು ಮನೆಯಲ್ಲಿ ಲೋಟ ಒಡೆದ ಮೇಲೆ ಹೊಳೆಯಿತು.

ಎಲ್ಲಕ್ಕಿಂತ ತಲೆಚಿಟ್ಟು ಹಿಡಿಸಿದ್ದು ಇನ್ನೊಂದು. ಗವಸು ಮಾತನ್ನು ನುಂಗುತ್ತದೆಂದು ತಿಳಿದ ಮೇಲೆ ಸುಂದ್ರಮ್ಮ ಜೋರಾಗಿ ಮಾತಾಡತೊಡಗಿದರು. ಮಣಿಕಟ್ಟಿನಿಂದ ಆಡಬೇಕಾದದ್ದನ್ನು ಮೊಳಕೈಯಿಂದ, ಮೊಳಕೈಯಿಂದ ಆಡಬೇಕಾದದ್ದನ್ನು ಭುಜದಿಂದ. ಒಂದೆರಡು ದಿನ ಮಾತು ಹೊರಬಂತು. ಅಷ್ಟರಲ್ಲಿ ಗವಸು ಕಲಿತುಕೊಂಡಿತು: ಈ ಕೈಯ ನಡುಕ ಹೆಚ್ಚಾಗಿದೆ, ಹಿಡಿತ ಬಿಗಿಯಾಗಬೇಕು. ಬಿಗಿಯಾಯಿತು. ಅವರು ಇನ್ನೂ ಜೋರಾಗಿ ಬೀಸಿದರು, ಅದು ಇನ್ನೂ ಬಿಗಿಯಿತು. ಭುಜ ಊದಿಕೊಂಡು ಅವರಿಗೆ ಕೈ ಎತ್ತಲಾಗದ ದಿನ ಗುರುಸ್ವಾಮಿ ನೀಲಗಿರಿ ಎಣ್ಣೆ ತಿಕ್ಕುತ್ತ ಹೆಂಡತಿಯತ್ತ ತಿರುಗಿದ.

"ಇದೆಂಥ ಮಷೀನು ವಾರಿ? ನಮ್ ವರ್ಕ್‌ಶಾಪ್ನಲ್ಲಿ ಬ್ರೇಕ್ ಜಾಸ್ತಿ ಹಿಡಿದ್ರೆ ಲೂಸ್ ಮಾಡು ಅಂತ ಡ್ರೈವರ್ ಹೇಳ್ತಾನೆ. ಇದಕ್ಕೆ ಹೇಳೋರು ಯಾರು?"

ಕೋಪದಲ್ಲಿ ಅಂದ ಮಾತು. ಆದರೆ ತಾನು ಇಷ್ಟು ದಿನವೂ ಸೆನ್ಸರು ಹೇಳುವುದನ್ನು ಮಾತ್ರ ಕೇಳುತ್ತ ಬಂದಿದ್ದೇನೆ, ತೊಟ್ಟವರು ಅದಕ್ಕೆ ಎದುರು ಹೇಳುವ ದಾರಿಯನ್ನೇ ಇಟ್ಟಿಲ್ಲ ಎನ್ನುವುದು ವಾರಿಜಾಳ ಮನಸ್ಸಿಗೆ ಬಂತು.

ಆಮೇಲಿನದು ಸಣ್ಣ ಬದಲಾವಣೆ. ಗವಸು ಮಾತು ನುಂಗಿದರೆ ಇನ್ನೊಂದು ಕೈಯಿಂದ ಅದರ ಮೇಲೊಂದು ತಟ್ಟು. ತಟ್ಟಿದರೆ, ಈಗ ಅಡಗಿಸಿದ್ದು ನಡುಕವಲ್ಲ, ನನ್ನ ಮಾತು ಎಂದು ಅರ್ಥ. ಗವಸು ಆ ಪಾಠವನ್ನು ಉಳಿದೆಲ್ಲಕ್ಕಿಂತ ಮೇಲಿಟ್ಟುಕೊಳ್ಳಬೇಕು. ಸುಂದ್ರಮ್ಮ ಎಡೆಬಿಡದೆ ತಟ್ಟಿದರು. ಬೈಯುತ್ತ ತಟ್ಟಿದರು. ಹಟಮಾರಿ ಹಸುವಿಗೆ ಬೆನ್ನ ಮೇಲೆ ಬಡಿಯುವ ಹಾಗೆ ತಟ್ಟಿದರು. ಗವಸು ನಿಧಾನವಾಗಿ, ತೀರ ನಿಧಾನವಾಗಿ ಸಡಿಲಿಸಿತು. ಮೂರು ಸಲ ಹೇಳಿದರೆ ಎರಡು ಸಲ 'ಬೇಡ' ಹೊರಬರುವಷ್ಟಾಯಿತು. ಕಾಫಿ ಒಂದಿಷ್ಟು ಚೆಲ್ಲುತ್ತಿತ್ತು.

ಪ್ರಯೋಗಾಲಯದಲ್ಲಿ ಅಳೆದರೆ ನಿಖರತೆ ಎಂಬತ್ತೊಂದಕ್ಕೆ ಇಳಿದಿತ್ತು.

"ಎಂಬತ್ತೊಂದು!" ಶ್ರೀವತ್ಸ ತಲೆಯ ಮೇಲೆ ಕೈಯಿಟ್ಟುಕೊಂಡರು. "ಇದನ್ನ ಡಬ್ಬದ ಮೇಲೆ ಹಾಕಕ್ಕಾಗತ್ತಾ? ಹೆಚ್ಚುಕಮ್ಮಿ ಎರಡು ವರ್ಷ ಹಿಂದಕ್ಕೆ ಹೋದ್ವಿ."

"ಸಾರ್, ಆ ತೊಂಬತ್ತೇಳು ಸುಳ್ಳು. ಇದು ನಿಜ."

"ಮಾರ್ಕೆಟ್ಟಲ್ಲಿ ಅದೇ ನಿಜ ವಾರಿಜಾ. ನಿಂದನ್ನ ಮುಂದಿನ ಆವೃತ್ತೀಲಿ ನೋಡೋಣ."

ಹೀಗೆ ಬಿಡುಗಡೆಗೆ ಹೋದದ್ದು ಹಳೆಯ ಗವಸೇ. ಅಷ್ಟೇ ಅಲ್ಲ, ಮೊದಲು ತೊಟ್ಟವರು ಎಂಬ ಗೌರವಕ್ಕೆ ಸುಂದ್ರಮ್ಮನೇ ವೇದಿಕೆಯ ಮೇಲೆ ಬಂದು ತೋರಿಸಬೇಕೆಂದು ಶ್ರೀವತ್ಸ ಕೇಳಿದರು. ವಾರಿಜಾ ಆಗುವುದಿಲ್ಲ ಎನ್ನುವಷ್ಟರಲ್ಲಿ ಸುಂದ್ರಮ್ಮನೇ ಬರುತ್ತೇನೆಂದರು. ಹಸಿರು ಅಂಚಿನ ರೇಷ್ಮೆಸೀರೆ ಉಟ್ಟು ಹೊರಟರು.

ಸಭಾಂಗಣ ತುಂಬಿತ್ತು. ವೈದ್ಯರು, ಪತ್ರಿಕೆಯವರು, ಮುಂದಿನ ಸಾಲಿನಲ್ಲಿ ನಡುಗುವ ಕೈಗಳನ್ನು ಮಡಿಲಲ್ಲಿ ಅವುಚಿಕೊಂಡು ಕೂತ ಕಾಯಿಲೆಯವರು. ಸುಂದ್ರಮ್ಮ ತಮ್ಮ ಕೈಯ ಹಳೆಯ ಪಾಠವನ್ನೇ ತುಂಬಿದ್ದ ಮಾರಾಟದ ಗವಸು ತೊಟ್ಟು, ತುಂಬಿದ ಹೂಜಿಯಿಂದ ಸಣ್ಣ ಬಾಯಿಯ ಸೀಸೆಗೆ ನೀರು ಸುರಿದರು. ಒಂದು ಹನಿಯೂ ಆಚೆ ಬೀಳಲಿಲ್ಲ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಮುದುಕರೊಬ್ಬರು ಅಳುತ್ತಿದ್ದರು. ವಾರಿಜಾ ಅವರನ್ನೇ ನೋಡಿದಳು. ಸುಳ್ಳೇನಲ್ಲವಲ್ಲ ಇದೂ.

"ಅಮ್ಮ ಎರಡು ಮಾತಾಡ್ಲಿ" ಎಂದರು ಶ್ರೀವತ್ಸ ಮೈಕಿನಲ್ಲಿ. "ಮಗಳು ವಾರಿಜಾ ನಮಗೆ ಹೇಳ್ತಾರೆ."

ಸುಂದ್ರಮ್ಮ ಮಗಳ ಕಡೆಗಲ್ಲ, ಜನರ ಕಡೆಗೆ ತಿರುಗಿ ಕೈ ಎತ್ತಿದರು. ಉದ್ದವಾಗಿಯೇ ಮಾತಾಡಿದರು. ಹಸಿರು ದೀಪ ಬಿಡದೆ ಮಿನುಗಿತು. ವಾರಿಜಾಗೆ ಕಂಡದ್ದು ಇಷ್ಟು: ಈ ಕೈ. ನೀರು. ಒಳ್ಳೆಯದು. ಆಮೇಲೆ ಎತ್ತಿದ ಅಂಗೈ. ಮಗಳು. ಕೊಡಿ.

ಸಭೆ ಕಾಯುತ್ತಿತ್ತು. ಶ್ರೀವತ್ಸ ಆಗಲೇ ನಗುತ್ತಿದ್ದರು. ಆ ಪದಗಳನ್ನು ಹೊಗಳಿಕೆಯಾಗಿ ಹೆಣೆಯುವುದು ಏನೂ ಕಷ್ಟವಿರಲಿಲ್ಲ, ಅವು ತಾವಾಗಿಯೇ ಹಾಗೆ ಕೂಡಿಕೊಳ್ಳುತ್ತಿದ್ದವು. ಈ ಕೈಯಿಂದ ನೀರು ಸುರಿಯುವುದು ಒಳ್ಳೆಯದಾಯಿತು, ಆಗಲಿ, ಮಗಳಿಗೆ ಬಹುಮಾನ ಕೊಡಿ.

ವಾರಿಜಾ ಮೈಕು ತೆಗೆದುಕೊಂಡಳು. "ಅಮ್ಮ ಏನು ಹೇಳಿದ್ರು ಅಂತ ನನಗೆ ಗೊತ್ತಾಗ್ಲಿಲ್ಲ" ಎಂದಳು. "ಅರ್ಧ ಮಾತು ಈ ಗವಸಿನೊಳಗೇ ಉಳೀತು."

ಶ್ರೀವತ್ಸ ಹತ್ತಿರ ಬಂದು ಮೆಲ್ಲಗೆ, "ವಾರಿಜಾ, ದಯವಿಟ್ಟು" ಎಂದರು. ಅವಳು ಅಮ್ಮನ ಕೈಹಿಡಿದು ಗವಸು ಬಿಚ್ಚಿದಳು. ಇನ್ನೊಂದು ಸಲ ಹೇಳು ಎಂದಳು. ಜುಬೇದಾ ಎದ್ದು ವೇದಿಕೆಯ ಬುಡಕ್ಕೆ ಬಂದು ನಿಂತು, ಆ ನಡುಗುವ ಮಾತನ್ನು ಗಟ್ಟಿ ಕೈಯಲ್ಲಿ ಮತ್ತೆ ಆಡಿ ತೋರಿಸಿದರು. ವಾರಿಜಾ ಅದನ್ನು ನೋಡಿ ನೋಡಿ ಬಾಯಲ್ಲಿ ಹೇಳಿದಳು.

"ಈ ಕೈ ನೀರು ಸುರಿಯೋದಕ್ಕೆ ಒಳ್ಳೇದು. ಮಾತಿಗೆ ಅಲ್ಲ. ನಾನು ಬೇಡ ಅಂದ್ರೆ ಇದು ಆಗ್ಲಿ ಅನ್ನತ್ತೆ. ನನ್ನ ಮಗಳು ಇದನ್ನ ಸರಿ ಮಾಡ್ತಿದಾಳೆ. ಅವಳಿಗೆ ಸಮಯ ಕೊಡಿ. ಅಲ್ಲೀವರೆಗೆ ಮಾರ್ಬೇಡಿ."

ಹೇಳಿ ಮುಗಿದ ಮೇಲೂ ಸುಂದ್ರಮ್ಮನ ಅಂಗೈ ಮೇಲೆಯೇ ಇತ್ತು. ಅಲ್ಲಾಡುತ್ತಲೇ ಇತ್ತು. ಸಭೆಯವರಿಗೆ ಅದು ಕಾಯಿಲೆಯೋ ಮಾತೋ ತಿಳಿಯಲಿಲ್ಲ. ಯಾರೋ ಒಬ್ಬರು ಮರುಕದಿಂದ ಚಪ್ಪಾಳೆ ತಟ್ಟಿದರು, ಉಳಿದವರು ತಟ್ಟಲೋ ಬೇಡವೋ ಎಂದು ನೋಡಿದರು.

"ಇದು ನಡುಕ ಅಲ್ಲ" ಎಂದಳು ವಾರಿಜಾ. "ಬೇಡ ಅಂತಿದಾರೆ."

ಬಿಡುಗಡೆ ಎರಡು ತಿಂಗಳು ಮುಂದೆ ಹೋಯಿತು, ಅಷ್ಟೆ. ಗವಸು ಅಂಗಡಿಗೆ ಬಂತು, ಡಬ್ಬದ ಮೇಲೆ ತೊಂಬತ್ತೇಳು ಎಂದೇ ಇತ್ತು. ತಟ್ಟಿ ಕಲಿಸುವ ಉಪಾಯವನ್ನು ಸೇರಿಸಿದ್ದರು. ಆದರೆ ಅದನ್ನು ಬೇಕಾದವರು ತಾವೇ ಹುಡುಕಿ ಚಾಲೂ ಮಾಡಿಕೊಳ್ಳಬೇಕು, ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಹೇಳಿತ್ತು. ವಾರಿಜಾಳನ್ನು ಗವಸಿನ ತಂಡದಿಂದ ತೆಗೆದು ಬೂಟಿನ ಸೆನ್ಸರುಗಳ ವಿಭಾಗಕ್ಕೆ ಹಾಕಿದರು. ರಜೆಯ ದಿನಗಳಲ್ಲಿ ಅವಳು ಜುಬೇದಾರ ಸಂಘಕ್ಕೆ ಹೋಗಿ, ಗವಸು ಕೊಂಡವರಿಗೆಲ್ಲ ಆ ಸಣ್ಣಕ್ಷರವನ್ನು ಓದಿ ಹೇಳಿ ಚಾಲೂ ಮಾಡಿಕೊಟ್ಟು ಬರುತ್ತಿದ್ದಳು. ಬಂದವರಲ್ಲಿ ಬಾಯಲ್ಲಿ ಮಾತಾಡುವವರೂ ಅನೇಕರಿದ್ದರು. ಕಾಯಿಲೆ ಅವರ ದನಿಯನ್ನೂ ಕುಗ್ಗಿಸಿತ್ತು. ಅವರಿಗೂ ಬೇಡ ಎನ್ನಲು ಉಳಿದಿದ್ದದ್ದು ಕೈಯೊಂದೇ.

ಒಂದು ಭಾನುವಾರ ಊಟಕ್ಕೆ ಕೂತಿದ್ದರು. ಗುರುಸ್ವಾಮಿ ಸೌಟಿನಲ್ಲಿ ಹುಳಿ ತುಂಬಿಕೊಂಡು ಅತ್ತೆಯ ತಟ್ಟೆಯ ಮೇಲೆ ಹಿಡಿದ. ಸುಂದ್ರಮ್ಮ ಅಂಗೈ ಎತ್ತಿದರು. ಕೈ ನಿಂತಿತು, ದೀಪ ಮಿನುಗಿತು. ಅವರು ಹಲ್ಲುಕಚ್ಚಿ ಗವಸಿಗೆ ಒಂದೇಟು ಕೊಟ್ಟು ಮತ್ತೆ ಎತ್ತಿದರು. ಮತ್ತೆ ನಿಂತಿತು. ಇನ್ನೊಂದೇಟು. ಗುರುಸ್ವಾಮಿ ಸೌಟನ್ನು ಬಗ್ಗಿಸಲೂ ಇಲ್ಲ, ಹಿಂದಕ್ಕೆ ತೆಗೆಯಲೂ ಇಲ್ಲ. ಹುಳಿ ಆರುತ್ತಿತ್ತು. ವಾರಿಜಾ ತುತ್ತನ್ನು ಕೈಯಲ್ಲೇ ಹಿಡಿದು, ಅಮ್ಮ ಏನು ಹೇಳುತ್ತಾಳೋ ಎಂದು ಆ ಕೈಯನ್ನೇ ನೋಡುತ್ತ ಕೂತಳು.